ಉಣ್ಣುವ ಮೊದಲು ಹೇಳಬೇಕಾದ ಮಾತು

ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿತು. ಶಿವಗಣಾರಾಧನೆ ಅವರ ಸ್ವಂತ ಊರು ತಾಳ್ಯದಲ್ಲಿ ಅಂದರು. ದುರ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಹೊಳಲ್ಕೆರೆಗೆ ಒಂದು, ಆಮೇಲೆ ತಾಳ್ಯಕ್ಕೆ ಇನ್ನೊಂದು ಹಿಡಿದು ಹೋದೆ. ಮನೆ ಮುಂದೆ ಚಪ್ಪರ ಹಾಕಿದ್ದರು. ಒಂದು ಕಡೆ ಊಟದ ಪಂಕ್ತಿ, ಇನ್ನೊಂದು ಕಡೆ ಮೈಕು. ಉಂಡವರು ಕೈ ತೊಳೆದುಕೊಂಡು ಬಂದು ಒಬ್ಬೊಬ್ಬರಾಗಿ ಮಾತಾಡುತ್ತಿದ್ದರು.

"ಅಂಜಿಕೆ ಅನ್ನೋದನ್ನೇ ಕಾಣದ ಎದೆಗಾರ," ಅಂದರು ಒಬ್ಬರು.

"ಭಯ ಅನ್ನೋ ಶಬ್ದ ಅವರ ಹತ್ತಿರ ಸುಳಿದಿದ್ದಿಲ್ಲ," ಅಂದರು ಇನ್ನೊಬ್ಬರು, ಎಲೆ ಅಡಿಕೆ ಒಂದು ದವಡೆಗೆ ತಳ್ಳಿ.

ಸುಳ್ಳು. ನಾನು ಕಂಡವರಲ್ಲಿ ಮೇಷ್ಟ್ರಷ್ಟು ಪುಕ್ಕಲು ಮನುಷ್ಯ ಇನ್ನೊಬ್ಬ ಇಲ್ಲ. ಅವರನ್ನು ಎದೆಗಾರ ಅಂತ ಹೇಳಿ ಕಳಿಸಿಬಿಟ್ಟರೆ ಅವರು ಮಾಡಿದ ಕೆಲಸಕ್ಕೆ ಬೆಲೆಯೇ ಇಲ್ಲ. ಇದನ್ನು ಯಾರಾದರೂ ಹೇಳಬೇಕಿತ್ತು. ಅಲ್ಲಿ ಗೊತ್ತಿದ್ದವನು ನಾನೊಬ್ಬ. ಮೈಕಿನ ಮುಂದೆ ನಿಂತು ನನಗೆ ಅಭ್ಯಾಸವಿಲ್ಲ.

ಮೇಷ್ಟ್ರ ಮಗ ಬಂದು ನನ್ನ ರಟ್ಟೆ ಹಿಡಿದ. "ದೂರದಿಂದ ಬಂದೀರಿ, ಬರ್ರಿ, ಕುಂತ್ಕಳ್ರಿ, ಎಲೆ ಹಾಕೈತೆ."

"ಆಮೇಲೆ ಉಣ್ತೀನಿ. ಮೊದ್ಲು ಒಂದ್ ಮಾತು ಹೇಳೋದೈತೆ."

"ಉಂಡು ಹೇಳ್ರಿ. ಮಾತೇನು ಓಡೋಗ್ತೈತಾ?"

"ಉಂಡ್ರೆ ಹೇಳಕಾಗಲ್ಲ."

ಅವನು ನನ್ನ ಮುಖ ನೋಡಿ ಮುಂದೆ ಹೋದ. ಅವನದು ತಪ್ಪಲ್ಲ. ನಮ್ಮ ಹಟ್ಟಿಯ ಪದ್ಧತಿ ಅವನಿಗೆ ಗೊತ್ತಿಲ್ಲ.

ನಮ್ಮದು ಮಾರಿಕಣಿವೆ ಡ್ಯಾಮಿನ ನೀರಿನ ಮಗ್ಗುಲಲ್ಲಿರುವ ಕುರುಬರ ಹಟ್ಟಿ. ನನ್ನ ಓದು ಐದನೇ ಕ್ಲಾಸಿಗೆ ನಿಂತಿತು. ಕುರಿ ಹಿಂದೆ ಹೋದೆ. ಮೇಷ್ಟ್ರು ನಮ್ಮೂರ ಶಾಲೆಗೆ ಬಂದಾಗ ನನಗೆ ಮೀಸೆ ಬಂದಿತ್ತು. ಹಗಲು ಅವರು ಮಕ್ಕಳಿಗೆ ಪಾಠ ಮಾಡುವರು. ಸಾಯಂಕಾಲ ಕುರಿ ದೊಡ್ಡಿ ಸೇರಿದ ಮೇಲೆ ನಮ್ಮಂಥ ಶಾಲೆ ಬಿಟ್ಟ ದೊಡ್ಡವರನ್ನು ಕೂಡಿಸಿಕೊಂಡು ಏಳನೇ ಕ್ಲಾಸಿನ ಪರೀಕ್ಷೆ ಕಟ್ಟಿಸುತ್ತೀನಿ ಅನ್ನುವರು. ನಾವು ಐದಾರು ಜನ. ಬಬ್ಬೂರು ಫಾರಂಗೆ ಕಳೆ ಕೀಳೋಕೆ ಕೂಲಿಗೆ ಹೋಗುತ್ತಿದ್ದ ತಿಮ್ಮಕ್ಕನೂ ಬರುತ್ತಿದ್ದಳು. ಅವಳ ಬಾಯಿ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ.

ಮೇಷ್ಟ್ರ ಕೈಯಲ್ಲಿ ಬೇಸಿಗೆಯಲ್ಲೂ ಕೊಡೆ ಇರುತ್ತಿತ್ತು. ಬಿಸಿಲಿಗೆ ಬಿಚ್ಚಿದ್ದು ನಾನು ನೋಡಿಲ್ಲ. ಹಿಡಿದುಕೊಳ್ಳೋಕೆ ಏನಾದರೂ ಬೇಕು, ಅಷ್ಟೇ. ಶಾಲೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ವಾಪಸ್ಸು ಬಂದು ಬೀಗ ಎಳೆದು ನೋಡುವರು. ಮತ್ತೆ ಹೋಗಿ ಮತ್ತೆ ಬರುವರು. ರಸ್ತೆಯಲ್ಲಿ ಜೀಪಿನ ಸದ್ದು ಕೇಳಿದರೆ ಪಾಠ ನಿಲ್ಲಿಸಿ, ಅದು ದೂರ ಹೋಗುವವರೆಗೆ ಸುಮ್ಮನೆ ಸೀಮೆಸುಣ್ಣ ಉಜ್ಜುತ್ತಾ ನಿಲ್ಲುವರು. ಮಾತು ಶುರುವಾಗುವಾಗ ಕೇಳುತ್ತಿತ್ತು, ಮುಗಿಯುವಾಗ ಅಂಗಿಯೊಳಗೆ ಹೋಗಿಬಿಡುತ್ತಿತ್ತು. "ಏನಂದ್ರಿ ಸಾರ್?" ಅಂತ ಕೇಳಿದರೆ, "ಏನಿಲ್ಲ ಬಿಡಪ್ಪ," ಅನ್ನುವರು. ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳುವ ಅಭ್ಯಾಸವೇ ಅವರಿಗೆ ಇರಲಿಲ್ಲ.

ಆದರೆ ಪಾಠ ಬೇರೆ ಥರ ಇತ್ತು. ಪರೀಕ್ಷೆಗೆ ಹಸುವಿನ ಮೇಲೆ ಪ್ರಬಂಧ ಬರೆಯಬೇಕು. ಮೇಷ್ಟ್ರು, "ಹಸ ನಿಮಗೆ ನನಗಿಂತ ಚೆನ್ನಾಗಿ ಗೊತ್ತೈತೆ. ಮಾತಿನ ಮ್ಯಾಲೆ ಬರೀರಿ," ಅಂದರು. ಯಾರಾದರೂ ನಾಲ್ಕು ಜನರ ಮುಂದೆ ಮಾತಾಡಿದರೆ ಹೋಗಿ ಕೇಳಬೇಕು, ಬಂದು ಬರೆಯಬೇಕು. ಯಾರು ಹೇಳಿದರು, ಯಾರಿಗೆ ಹೇಳಿದರು, ಏನು ಹೇಳದೆ ಬಿಟ್ಟರು. ಇದೇ ಅವರ ಪಾಠ. ಉಳಿದದ್ದನ್ನೆಲ್ಲ ನಾನು ಮರೆತೆ, ಇದನ್ನು ಮರೆತಿಲ್ಲ.

ಮೊದಲು ನನ್ನನ್ನು ಹಿರಿಯೂರು ಸಂತೆಯಲ್ಲಿ ಹಲ್ಲುಪುಡಿ ಮಾರುವವನ ಹತ್ತಿರ ಅಟ್ಟಿದರು. ಬಂದು ಒಂದೇ ಸಾಲು ಬರೆದೆ: ಇವನು ಸುಳ್ಳ, ಆದರೆ ಚೆನ್ನಾಗಿ ಹೇಳುತ್ತಾನೆ.

"ಚೆನ್ನಾಗಿ ಅಂದ್ರೆ ಹೆಂಗಪ್ಪ?"

"ಚೆನ್ನಾಗಿ ಅಂದ್ರೆ ಚೆನ್ನಾಗಿ ಸಾರ್."

"ಮುಂದಿನ ಸಂತೆಗೆ ಮತ್ತೆ ಹೋಗು."

ಮತ್ತೆ ಹೋದೆ, ಬೈಕೊಂಡು. ಆಗ ಕಂಡಿತು. ಅವನು ಯಾರಿಗೂ ಕೊಳ್ಳಿ ಅನ್ನುವುದೇ ಇಲ್ಲ. ಗುಂಪಿನಲ್ಲಿ ಒಬ್ಬ ಮುದುಕನನ್ನು ಕರೆದು ಬಾಯಿ ತೆಗೆಸುತ್ತಾನೆ. "ಅಜ್ಜ, ಮೊಮ್ಮಗ ಮುತ್ತು ಕೊಡೋಕೆ ಬರ್ತಾನಾ, ಓಡೋಗ್ತಾನಾ?" ಅನ್ನುತ್ತಾನೆ. ಎಲ್ಲರೂ ನಗುತ್ತಾರೆ. ನಗುತ್ತಲೇ ತಮ್ಮ ಹಲ್ಲನ್ನು ನಾಲಿಗೆಯಲ್ಲಿ ಮುಟ್ಟಿ ನೋಡಿಕೊಳ್ಳುತ್ತಾರೆ. ನಾನೂ ನೋಡಿಕೊಂಡಿದ್ದೆ. ಅದನ್ನು ಬರೆದುಕೊಟ್ಟೆ. ಮೇಷ್ಟ್ರು ಓದಿ ತಮ್ಮ ನಾಲಿಗೆಯಲ್ಲಿ ತಮ್ಮ ಹಲ್ಲು ಮುಟ್ಟಿ ನೋಡಿಕೊಂಡರು. "ಇದು ಬರವಣಿಗೆ," ಅಂದರು.

ಅದು ತುರ್ತು ಪರಿಸ್ಥಿತಿಯ ಕಾಲ. ತಿಮ್ಮಕ್ಕ ಬಸ್ಸಿನೊಳಗೆ ಬರೆದಿದ್ದನ್ನು ಕೂಡಿಸಿ ಓದಿಕೊಂಡು ಬಂದು ಹೇಳಿದಳು: ಮಾತು ಕಡಿಮೆ, ದುಡಿಮೆ ಹೆಚ್ಚು. ಮೇಷ್ಟ್ರು ಖುಷಿಯಿಂದ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು.

"ಯಾರು ಹೇಳಿದ್ದು?"

"ಸರ್ಕಾರ."

"ಯಾರಿಗೆ?"

"ನಂಗಂತೂ ಅಲ್ಲ ಬಿಡ್ರಿ," ಅಂದಳು ತಿಮ್ಮಕ್ಕ. "ಬೆಳಗಿಂದ ಬಗ್ಗಿದ ಸೊಂಟ ಈಗ ಎತ್ತಿದೀನಿ. ಮಾತು ಕಡಿಮೆ ಮಾಡು ಅಂತ ಮೈಕ್ ಹಿಡಿದೋರ್ಗೆ ಹೇಳ್ಬೇಕು."

ನಾವೆಲ್ಲ ಬಿದ್ದು ನಕ್ಕೆವು. ಮೇಷ್ಟ್ರೂ ನಕ್ಕರು. ಅರ್ಧಕ್ಕೆ ನಗು ನಿಂತಿತು. ಡಸ್ಟರು ಹುಡುಕಲಿಲ್ಲ, ಅಂಗೈಯಲ್ಲೇ ಬೋರ್ಡು ಒರೆಸಿದರು. ಒದ್ದೆ ಬಟ್ಟೆ ತಂದು ಇನ್ನೊಂದು ಸಲ ಒರೆಸಿದರು. ಕಿಟಕಿಯಾಚೆ ಬಗ್ಗಿ ನೋಡಿದರು. ಅಲ್ಲಿ ಒಂದು ಮೇಕೆ ಇತ್ತು.

"ಈ ಪಾಠ ಆಗ್ಲಿಲ್ಲ. ಯಾರೂ ಕೇಳ್ಲಿಲ್ಲ."

"ಇಲ್ಲ ಸಾರ್. ಮೇಕೆ ಯಾರಿಗೂ ಹೇಳಲ್ಲ," ಅಂದಳು ತಿಮ್ಮಕ್ಕ.

ನಾವು ಬರೆದಿದ್ದರಲ್ಲಿ ಚೆನ್ನಾಗಿದ್ದುದನ್ನು ಗೋಡೆಗೆ ಅಂಟಿಸುತ್ತಿದ್ದರು. ಹೊರಗಿನ ಗೋಡೆಗಲ್ಲ, ಒಳಗಿನ ಗೋಡೆಗೆ. ಹೆಸರು ಹಾಕಿಸುತ್ತಿರಲಿಲ್ಲ. ಒಂದು ಸಲ ನಮ್ಮ ಜೋರಿಗೆ ಸೋತು ಜಗುಲಿಯ ಗೋಡೆಗೆ ಅಂಟಿಸಿದರು. ರಾಗಿ ಗಂಜಿಯಲ್ಲಿ ಅಂಟಿಸಿದ್ದ ಹಾಳೆಯನ್ನು ಬೆಳಗಾಗುವುದರೊಳಗೆ ಅದೇ ಮೇಕೆ ತಿಂದಿತ್ತು. ನಮಗೆ ಬೇಜಾರಾಯಿತು. ಮೇಷ್ಟ್ರ ಮುಖ ಹಬ್ಬದಂತೆ ಇತ್ತು.

ಇಂಥ ಮನುಷ್ಯ ಅವರು.

ಈಗ ದಾರಿಯ ವಿಷಯ. ನಮ್ಮ ಹಟ್ಟಿಯಿಂದ ಮಾರಿಕಣಿವೆ ನೀರಿಗೆ ಇಳಿಯುವ ಒಂದು ಕುರಿ ದಾರಿ ಇದೆ. ಬೇಸಿಗೆಯಲ್ಲಿ ಬೇರೆಲ್ಲೂ ನೀರಿರುವುದಿಲ್ಲ. ಆ ದಾರಿ ಮುಚ್ಚಿದರೆ ಗುಡ್ಡ ಸುತ್ತಿ ಹೋಗಬೇಕು. ದೊಡ್ಡ ಕುರಿ ಹೋಗುತ್ತವೆ, ಮರಿ ಹೋಗುವುದಿಲ್ಲ. ಮರಿ ಉಳಿಯದಿದ್ದರೆ ಹಟ್ಟಿ ಎತ್ತಬೇಕು. ನೀರಿನ ಅಂಚಿಗೆ ಸಸಿ ನೆಟ್ಟು ಉದ್ದಕ್ಕೂ ಬೇಲಿ ಹಾಕುತ್ತಾರಂತೆ ಅನ್ನುವ ಸುದ್ದಿ ಬಂದಾಗಿನಿಂದ ಹಟ್ಟಿಯಲ್ಲಿ ಯಾರಿಗೂ ನಿದ್ದೆ ಹತ್ತುತ್ತಿರಲಿಲ್ಲ.

ಅರಣ್ಯ ಇಲಾಖೆಯ ಸಾಹೇಬರು ಬಂದರು. ಜನರನ್ನು ಕೇಳಿಯೇ ಮಾಡುತ್ತೀವಿ ಅಂದರು. ನಾವು ಮರಿ ಕಡಿದೆವು. ಸಾಹೇಬರು ಮುದ್ದೆ ಮುರಿದು ಸಾರಿಗೆ ಅದ್ದಿ, ಬೆವರು ಒರೆಸಿಕೊಂಡು, "ಇಂಥ ಸಾರು ದುರ್ಗದಲ್ಲೂ ಸಿಗಲ್ಲ," ಅಂದರು. ಆಮೇಲೆ ಬೇವಿನ ಮರದ ಕೆಳಗೆ ನಿಂತು ಮಾತಾಡಿದರು. ಗಿಡ ಬಂದರೆ ಮಳೆ, ಮಳೆ ಬಂದರೆ ಹುಲ್ಲು, ಹುಲ್ಲು ಬಂದರೆ ಕುರಿ, ಎಲ್ಲಾ ನಿಮ್ಮ ಒಳ್ಳೇದಕ್ಕೇ ಅಂದರು. ಕೊನೆಗೆ ಕೇಳಿದರು, "ಯಾರದಾದರೂ ತಕರಾರು ಇದೆಯಾ?"

ಯಾರೂ ಉಸಿರೆತ್ತಲಿಲ್ಲ.

ನಮ್ಮ ಪದ್ಧತಿ ಹಾಗೆ. ಉಂಡವನೂ ಉಣಿಸಿದವನೂ ಅವತ್ತಿನ ಹೊತ್ತು ಮುಳುಗುವವರೆಗೆ ಒಬ್ಬರಿಗೊಬ್ಬರು ಎದುರಾಡಬಾರದು. ಇಲ್ಲ ಅನ್ನುವುದಿದ್ದರೆ ಮಾರನೇ ಬೆಳಿಗ್ಗೆ ಹೋಗಿ ಅನ್ನಬೇಕು. ಹೆಣ್ಣು ಕೇಳೋಕೆ ಬಂದವರಿಗೂ ಹಾಗೆ, ಪಾಲು ಕೇಳೋಕೆ ಬಂದವರಿಗೂ ಹಾಗೆ. ಸಾಹೇಬರು ಸ್ವಲ್ಪ ಹೊತ್ತು ನೋಡಿ, "ಸರಿ, ಎಲ್ಲರೂ ಒಪ್ಪಿದ ಹಾಗಾಯ್ತು," ಅಂತ ಜೀಪು ಹತ್ತಿದರು.

ಮಾರನೇ ಬೆಳಿಗ್ಗೆ ಹಟ್ಟಿಯ ಯಜಮಾನ ಕರಿಯಜ್ಜ ಕಂಬಳಿ ಹೊದ್ದು ಸಾಹೇಬರ ಕ್ಯಾಂಪಿಗೆ ನಡೆದು ಹೋದ, ಇಲ್ಲ ಅನ್ನೋಕೆ. ಸಾಹೇಬರು ಹೊರಟುಹೋಗಿದ್ದರು. "ಎಲ್ರೂ ಒಪ್ಪೀರಿ ಅಂತ ಬರೆದಾಗೈತೆ. ನಿನ್ನೆ ನಾಲ್ಗಿ ಎಲ್ಲಿ ಇಟ್ಟಿದ್ದೆ ಅಜ್ಜ?" ಅಂದನಂತೆ ಗುಮಾಸ್ತ. ಅಜ್ಜ ಬಂದು ಬೇವಿನ ಬುಡದಲ್ಲಿ ಕುಂತವನು ಕಂಬಳಿಯನ್ನೂ ತೆಗೆಯಲಿಲ್ಲ. ಮುಂದಿನ ವಾರ ಬೇಲಿಯ ಕಲ್ಲು ನೆಡೋಕೆ ಬರುತ್ತಾರಂತೆ ಅಂದ.

ನಾನು ಅವತ್ತು ಸಾಯಂಕಾಲ ಮೇಷ್ಟ್ರಿಗೆ ಬರೆದುಕೊಟ್ಟೆ. ಸಾಹೇಬರು ಹೇಳಿದ್ದು, ನಮಗೆ ಹೇಳಿದ್ದು, ಬೇಲಿಯ ಮಾತನ್ನೇ ನುಂಗಿ ಬರೀ ಗಿಡದ ಮಾತಾಡಿದ್ದು. ಕೊನೆಯ ಸಾಲು: ನಮ್ಮ ಮರಿ ತಿಂದು ನಮ್ಮ ದಾರಿಯನ್ನೂ ತಿಂದ.

ಮೇಷ್ಟ್ರು ಪೂರ್ತಿ ಓದಿದರು. ಎದ್ದು ಬಾಗಿಲು ಹಾಕಿದರು.

"ಕೊನೇ ಸಾಲು ಯಾರಿಗೆ ಬರ್ದಿದ್ದು?"

"ಸಾಹೇಬ್ರಿಗೆ."

"ಅವರು ಕೇಳಿದ್ರೆ ಏನ್ ಮಾಡ್ತಾರೆ?"

"ಸಿಟ್ಟಾಗ್ತಾರೆ."

"ಆಮ್ಯಾಲೆ?"

"ಬೇಲಿ ಹಾಕ್ತಾರೆ."

"ಬೇಲಿ ಹಾಕ್ಸೋಕೆ ಬರ್ದ್ಯಾ, ಬಿಡ್ಸೋಕೆ ಬರ್ದ್ಯಾ? ಇದು ನಿನ್ನ ಸಿಟ್ಟಿಗೆ ನೀನು ಬರ್ಕೊಂಡಿದ್ದು. ಗೀಟು ಹಾಕಿ ಹೊಡಿ ಅದನ್ನ."

ನನಗೆ ಉರಿಯಿತು. ಹೊಡೆದೆ. ಆಮೇಲೆ ಅವರು ಇನ್ನೊಂದು ಕೇಳಿದರು. "ಸಾಹೇಬ್ರು ಏನು ಬಿಟ್ರು ಅಂತ ಬರ್ದೀಯ. ನೀವು ಯಾಕೆ ಸುಮ್ನಿದ್ರಿ? ಅಷ್ಟು ಜನಕ್ಕೆ ಒಬ್ರಿಗೂ ಬಾಯಿ ಬರ್ಲಿಲ್ವಾ?"

"ಉಂಡಿದ್ರಲ್ಲ ಸಾರ್."

"ಉಂಡ್ರೆ?"

ಇದನ್ನೂ ಹೇಳಬೇಕಾ ಅನ್ನಿಸಿತು. ಹೇಳಿದೆ. ಅವರು ತಾಳ್ಯದವರು, ನಮ್ಮ ಹಟ್ಟಿಯ ಪದ್ಧತಿ ಅವರಿಗೂ ಗೊತ್ತಿರಲಿಲ್ಲ. ಕೇಳಿ ಅವರು ಕೊಡೆಯ ಹಿಡಿ ಹಿಡಿದುಕೊಂಡು ನಿಂತೇಬಿಟ್ಟರು.

"ಲೇ, ಇದನ್ನ ಬಿಟ್ಟು ಎಲ್ಲಾ ಬರ್ದೀಯಲ್ಲೋ! ಸಾಹೇಬ್ರಿಗೂ ಇದು ಗೊತ್ತಿಲ್ಲ. ಅವರು ನಿಜವಾಗ್ಲೂ ಒಪ್ಪಿದ್ರು ಅಂತ್ಲೇ ತಿಳ್ಕೊಂಡವ್ರೆ. ಇದನ್ನ ಬರಿ. ಬೈಬೇಡ. ಗೊತ್ತಿಲ್ಲದೋರಿಗೆ ಹೇಳಿದಂಗೆ ಬರಿ."

ಎಷ್ಟು ಸಲ ಬರೆಸಿದರೋ. ಪ್ರತಿ ಸಲವೂ ನನ್ನ ಸಿಟ್ಟು ಒಂದೊಂದು ಸಾಲು ಕಮ್ಮಿಯಾಯಿತು. ಪ್ರತಿ ಸಲವೂ, "ನನ್ನ ಹೆಸ್ರು ಎಲ್ಲೂ ತರಬ್ಯಾಡಪ್ಪ. ನನಗೂ ಹೆಂಡ್ತಿ ಮಕ್ಕಳು ಅವ್ರೆ," ಅನ್ನುವರು. ಸರ್ಕಾರದ ಕೆಲಸಕ್ಕೆ ಅಡ್ಡ ಬಂದವರನ್ನು ಎಲ್ಲೆಲ್ಲಿಗೋ ಎತ್ತಿಕೊಂಡು ಹೋಗುತ್ತಿದ್ದಾರೆ ಅನ್ನುವ ಮಾತು ಬಸ್ಸಿನಲ್ಲಿ ಪಿಸುಗುಟ್ಟುವ ಕಾಲ. ಅವರ ಹೆದರಿಕೆ ಸುಮ್ಮನೆ ಅಲ್ಲ.

ಬರೆದಿದ್ದಾಯಿತು. ಆದರೆ ಸಾಹೇಬರು ಬಂದರೆ ಮತ್ತೆ ಉಣಿಸಬೇಕು. ಉಣಿಸಿದರೆ ಮತ್ತೆ ಬಾಯಿ ಕಟ್ಟುತ್ತದೆ. ಊಟ ಇಕ್ಕಬೇಡ ಅಂತ ನಾನು ಕರಿಯಜ್ಜನಿಗೆ ಹೇಳಿದೆ.

"ಬಾಗಿಲಿಗೆ ಬಂದೋರಿಗೆ ಮುದ್ದೆ ಇಕ್ಕದೆ ಮಾತಾಡದಾ? ಥೂ. ದಾರಿ ಹೋದ್ರೆ ಹೋತು, ಹಟ್ಟಿ ಮಾನ ಹೋಗಬಾರ್ದು."

ಮೇಷ್ಟ್ರ ಮುಂದೆ ಈ ಜಗಳ ನಡೆಯಿತು. ಅವರು ಅಜ್ಜನನ್ನು ಕೇಳಿದರು. "ಅಜ್ಜ, ಸಾಹೇಬ್ರು ನಮ್ಮನೇಲಿ ಉಂಡ್ರೆ? ಆಗ ಹಟ್ಟಿಯೋರು ಮಾತಾಡಬೌದಾ?"

ಅಜ್ಜ ಯೋಚನೆ ಮಾಡಿದ. "ಆಗ ನಾವು ಉಣಿಸ್ದಂಗಲ್ಲ. ಮಾತಾಡಬೌದು. ನೀವು ಮಾತಾಡಂಗಿಲ್ಲ."

"ನಾನು ಮಾತಾಡಂಗೇ ಇಲ್ವಾ?"

"ಒಂದ್ ಮಾತೂ ಎದುರಾಡಂಗಿಲ್ಲ."

ಮೇಷ್ಟ್ರ ಮುಖ ನೋಡಬೇಕಿತ್ತು. ಹಾಳೆ ತಿಂದ ಮೇಕೆಯನ್ನು ಕಂಡ ದಿನದಂತೆ ಅರಳಿತು. ಬಾಯಿ ಮುಚ್ಚಿಕೊಂಡಿರೋಕೆ ಅವರಿಗೆ ಒಂದು ಪದ್ಧತಿಯೇ ಸಿಕ್ಕಿತ್ತು.

ಕಲ್ಲು ನೆಡೋಕೆ ಬಂದ ದಿನ ಮೇಷ್ಟ್ರು ದಾರಿಯಲ್ಲೇ ಜೀಪಿಗೆ ಅಡ್ಡ ನಿಂತು ಕೈಮುಗಿದು ಸಾಹೇಬರನ್ನು ಮನೆಗೆ ಕರೆದುಕೊಂಡು ಹೋದರು. ಜೀಪು ಕಂಡರೆ ಬೆವರುವವರು ಅವತ್ತು ಜೀಪಿನ ಹಿಂದೆಯೇ ಓಡಿದರು. ಮೇಷ್ಟ್ರ ಹೆಂಡತಿ ಹೋಳಿಗೆ ಮಾಡಿದ್ದರು. ಸಾಹೇಬರಿಗೆ ಹಟ್ಟಿಯ ಸಾರಿನ ಮೇಲೆ ಆಸೆ ಇತ್ತು, "ಮೇಷ್ಟ್ರೆ, ನೀವು ಸಿಹಿ ಹಾಕಿ ನನ್ನ ಖಾರ ತಪ್ಪಿಸಿದಿರಿ," ಅಂದರಂತೆ.

ಬೇವಿನ ಮರದ ಕೆಳಗೆ ಜನ ಸೇರಿದರು. ಕಲ್ಲು ತುಂಬಿದ ಗಾಡಿ ಪಕ್ಕದಲ್ಲೇ ನಿಂತಿತ್ತು. ಕರಿಯಜ್ಜ ಎದ್ದು, "ಬ್ಯಾಡ್ರಿ ಸಾಹೇಬ್ರೆ, ದಾರಿ ಮುಚ್ಚಬ್ಯಾಡ್ರಿ," ಅಂದ.

"ಅವತ್ತು ಯಾಕೆ ಹೇಳಲಿಲ್ಲ?"

ನಾನು ಎದ್ದು ಓದಿದೆ. ಓದಿದ್ದು ಇಷ್ಟು: "ಸಾಹೇಬರೆ, ಅವತ್ತು ನೀವು ನಮ್ಮಲ್ಲಿ ಉಂಡಿರಿ. ನಮ್ಮಲ್ಲಿ ಉಂಡವರಿಗೆ ಆ ದಿನ ನಾವು ಇಲ್ಲ ಅನ್ನುವುದಿಲ್ಲ. ಮಾರನೇ ದಿನ ಅಜ್ಜ ನಿಮ್ಮ ಹತ್ತಿರ ಬಂದ. ನೀವು ಇರಲಿಲ್ಲ. ನಾವು ಸುಮ್ಮನಿದ್ದುದು ಮರ್ಯಾದೆಗೆ, ಒಪ್ಪಿಗೆಗೆ ಅಲ್ಲ. ಇದು ನಿಮಗೆ ಗೊತ್ತಿರಲಿಲ್ಲ, ನಾವು ಹೇಳಲಿಲ್ಲ. ಈಗ ಹೇಳುತ್ತಿದ್ದೇವೆ. ಗಿಡ ಬೇಡ ಅನ್ನುವುದಿಲ್ಲ. ಮರಿಗಳು ನೀರಿಗೆ ಇಳಿಯುವಷ್ಟು ದಾರಿ ಬಿಡಿ."

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದು ನೀನು ಬರೆದಿದ್ದಲ್ಲ. ಯಾರು ಬರೆಸಿದ್ದು? ಹಿಂದೆ ಯಾರಿದ್ದಾರೆ?"

ಹಟ್ಟಿಯವರು ಯಾರೂ ಮೇಷ್ಟ್ರ ಕಡೆ ನೋಡಲಿಲ್ಲ. ಒಬ್ಬರು ಬೇವಿನ ಮರ ನೋಡಿದರು, ಒಬ್ಬರು ತಮ್ಮ ಕಾಲು ನೋಡಿಕೊಂಡರು. ತಿಮ್ಮಕ್ಕ ಕೂಡ ಬಾಯಿ ಬಿಡಲಿಲ್ಲ. ಮೇಷ್ಟ್ರು ಜನರ ಹಿಂದೆ, ಕಲ್ಲಿನ ಗಾಡಿಯ ಮಗ್ಗುಲಲ್ಲಿ ಕೊಡೆ ಹಿಡಿದು ನಿಂತಿದ್ದರು. ಸುಮ್ಮನಿರಬಹುದಿತ್ತು. ಸುಮ್ಮನಿರುವ ಹಕ್ಕನ್ನು ಬೆಳಿಗ್ಗೆ ಹೋಳಿಗೆ ಇಕ್ಕಿ ಸಂಪಾದಿಸಿದ್ದರು.

"ಅವನೇ ಬರ್ದಿದ್ದು ಸಾರ್, ಬರೆಯೋದು ಕಲಿಸಿದ್ದು ನಾ..." ಅಂದರು. ಕೊನೆ ಎಂದಿನಂತೆ ಅಂಗಿಯೊಳಗೆ ಹೋಯಿತು.

ಸಾಹೇಬರು ತಿರುಗಿದರು. "ಏನಂದ್ರಿ?"

ಏನಿಲ್ಲ ಅನ್ನುತ್ತಾರೆ ಅಂದುಕೊಂಡೆ. ನಮಗೆಲ್ಲ ಯಾವಾಗಲೂ ಅನ್ನುತ್ತಿದ್ದುದು ಅದೇ. ಮೊದಲ ಸಲದ್ದು ಬಾಯಿ ತಪ್ಪಿ ಬಂದಿರಬಹುದು. ಎರಡನೇ ಸಲಕ್ಕೆ ಮನುಷ್ಯನಿಗೆ ತಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಿರುತ್ತದೆ. ಅವರ ಮೊಣಕಾಲು ಪಂಚೆಯೊಳಗೆ ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು.

"ಬರೆಯೋದು ಕಲಿಸಿದ್ದು ನಾನು," ಅಂದರು. ಈ ಸಲ ಮುಂದಿನ ಸಾಲಿಗೂ ಕೇಳಿತು.

"ಮೇಷ್ಟ್ರೆ! ನೀವು ಉಣಿಸೀರಿ, ಎದುರಾಡಂಗಿಲ್ಲ!" ಅಂತ ಕರಿಯಜ್ಜ ಕೂಗಿದ.

"ಎದುರಾಡ್ಲಿಲ್ಲ ಅಜ್ಜ. ಕೇಳಿದ್ದಕ್ಕೆ ಹೇಳ್ದೆ."

ಯಾರೋ ನಕ್ಕರು. ಸಾಹೇಬರ ಮೀಸೆಯೂ ಸ್ವಲ್ಪ ಅಲುಗಿತು. ನಗೆಯೋ ಸಿಟ್ಟೋ ನನಗೆ ತಿಳಿಯಲಿಲ್ಲ. ಗಾಡಿಯವನಿಗೆ, "ಆ ಇಳಿಜಾರಿನ ಹತ್ತಿರ ಕಲ್ಲು ಬೇಡ. ಜಾಗ ಬಿಟ್ಟು ಆಚೆಯಿಂದ ಹಾಕು," ಅಂದು ಜೀಪು ಹತ್ತಿದರು. ಮೇಷ್ಟ್ರ ಕಡೆ ತಿರುಗಿ ನೋಡಲಿಲ್ಲ.

ದಾರಿ ಉಳಿಯಿತು. ಮೇಷ್ಟ್ರ ನೆಮ್ಮದಿ ಉಳಿಯಲಿಲ್ಲ. ಆಮೇಲೆ ಬೀಗ ಎಳೆದು ನೋಡೋಕೆ ಇನ್ನೂ ಹೆಚ್ಚು ಸಲ ವಾಪಸ್ಸು ಬರುವರು. ಅಂಚೆಯವನು ಶಾಲೆ ಕಡೆ ಬಂದರೆ ಮುಖ ಬಿಳುಪಾಗುತ್ತಿತ್ತು. ಕೊನೆಗೆ ವರ್ಗ ಬಂತು, ಹೊಸದುರ್ಗದ ಆಚೆ ಬಸ್ಸು ಹೋಗದ ಒಂದು ಊರಿಗೆ. ಇದರಿಂದಲೇ ಬಂತೋ, ಬರುವ ಕಾಲಕ್ಕೆ ಬಂತೋ ಗೊತ್ತಿಲ್ಲ. ನಾನು ಕೇಳಿದ್ದಕ್ಕೆ, "ಮೇಷ್ಟ್ರಿಗೆ ವರ್ಗ ಆಗೋದೇ ಕಣಪ್ಪ," ಅಂದರು. ಸಾಮಾನು ಹೇರುವಾಗ ಕೊಡೆಯನ್ನು ಮಾತ್ರ ಗಾಡಿಗೆ ಹಾಕಲಿಲ್ಲ.

ತಾಳ್ಯದ ಚಪ್ಪರದಲ್ಲಿ ನನ್ನ ಸರದಿ ಬಂತು. ಮೈಕು ಹಿಡಿದೆ.

"ಇಲ್ಲಿ ಎಲ್ರೂ ಮೇಷ್ಟ್ರು ಎದೆಗಾರ್ರು ಅಂದ್ರಿ. ಅಲ್ಲ. ಅವರು ಹೆದರ್ತಿದ್ರು. ಜೀಪಿಗೆ ಹೆದರ್ತಿದ್ರು, ಅಂಚೆಯವನಿಗೆ ಹೆದರ್ತಿದ್ರು, ಮೇಕೆ ಬಂದ್ರೂ ಬಗ್ಗಿ ನೋಡ್ತಿದ್ರು."

ಪಂಕ್ತಿಯಲ್ಲಿ ಉಣ್ಣುತ್ತಿದ್ದವರ ಕೈ ನಿಂತಿತು. "ಏಯ್, ಯಾರಲೇ ಇವ್ನು?" ಅಂದರು ಯಾರೋ. ಮೇಷ್ಟ್ರ ಮಗ ನನ್ನ ಕಡೆ ಹೆಜ್ಜೆ ಇಟ್ಟ. ನಾನು ನಿಲ್ಲಿಸಲಿಲ್ಲ. ದಾರಿಯ ವಿಷಯ ಹೇಳಿದೆ, ಹೋಳಿಗೆಯ ವಿಷಯ ಹೇಳಿದೆ. ಸಾಹೇಬರು ಏನಂದ್ರಿ ಅಂದಾಗ ಎರಡನೇ ಸಲ ಹೇಳಿದ್ದನ್ನು ಹೇಳಿದೆ. "ಹೆದರದೋರು ಹೇಳಿದ್ರೆ ಅದರಾಗೆ ಏನೈತೆ? ಇವರು ನಡುಗ್ತಾ ಹೇಳಿದ್ರು. ನಮ್ಮ ಕುರಿ ಇವತ್ತೂ ಆ ದಾರ್ಯಾಗೆ ನೀರಿಗೆ ಇಳಿತಾವೆ." ಅಷ್ಟೇ ಹೇಳಿ ಮೈಕು ಇಟ್ಟೆ.

ಹೊಡೆದರೆ ಹೊಡೆಸಿಕೊಳ್ಳುವುದು ಅಂತ ನಿಂತೆ. ಬಾಗಿಲ ಹತ್ತಿರ ಕುಳಿತಿದ್ದ ಮೇಷ್ಟ್ರ ಹೆಂಡತಿ ಎದ್ದರು.

"ಚಿಲ್ಕ," ಅಂದರು. "ಚಿಲ್ಕ ಹಾಕಿ ಮಲಗಿ, ಎದ್ದು ನೋಡಿ, ಮತ್ತೆ ಎದ್ದು ನೋಡೋರು. ಆಸ್ಪತ್ರೆಯಾಗೂ ಚಿಲ್ಕ ಹಾಕೈತಾ ಅಂತ ಕೇಳಿದ್ರು." ನಗುತ್ತಿದ್ದರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಮಗನ ಕಡೆ ತಿರುಗಿ, "ಅವನ್ನ ಬಿಡು. ಇವ್ನು ನಿಮ್ಮಪ್ಪನ್ನ ನೋಡಿದಾನೆ," ಅಂದರು.

ಅವರೇ ನನಗೆ ಎಲೆ ಹಾಕಿದರು. ಅವರೇ ಹೋಳಿಗೆ ಬಡಿಸಿದರು.

"ಅವತ್ತು ಹೋಳಿಗೆ ಯಾಕೆ ಮಾಡ್ಸಿದ್ರು ಅಂತ್ಲೂ ನಂಗೆ ಹೇಳಿರ್ಲಿಲ್ಲ. ನಂಗೆ ಹೆದ್ರಿಕೆ ಆಗ್ತೈತೆ ಅಂತ ಬಿಟ್ಟಿರ್ಬೇಕು," ಅಂದರು. ತುಪ್ಪದ ಗಿಂಡಿ ಹಿಡಿದುಕೊಂಡು ಹಾಗೇ ನಿಂತರು. "ಇನ್ನೇನಾದ್ರೂ ಹೇಳೋದೈತೇನಪ್ಪ?"

ಏನು ಬಿಟ್ಟೆ ಅಂತ ಒಂದು ಸಲ ನೆನಪು ಮಾಡಿಕೊಂಡೆ.

"ಇಲ್ಲಮ್ಮ," ಅಂದು ಎಲೆಗೆ ಕೈ ಇಟ್ಟೆ.